ರೋವರ್ಸ್ ಕಪ್ಪೂ ನಮ್ಮ ಮರೆವೂ

ಜೋಗೇಶ್ವರಿ ಪೂರ್ವದ ರೈಲು ನಿಲ್ದಾಣದಿಂದ ನನ್ನ ಮನೆಗೆ ಹೋಗುವ ದಾರಿಯಲ್ಲಿ ಒಂದು ಚಹಾ ಅಂಗಡಿಯಿದೆ. ಕಚೇರಿ ಮುಗಿಸಿ ಚರ್ಚ್‌ಗೇಟಿನಿಂದ ಸ್ಲೋ ಲೋಕಲ್ ಹಿಡಿದು ಬಂದವನು ಅಲ್ಲಿ ನಿಂತು ಒಂದು ಕಟಿಂಗ್ ಚಹಾ ಕುಡಿದು ಮುಂದೆ ನಡೆಯುವುದು ಹಲವು ವರ್ಷಗಳ ರೂಢಿ. ಎಂಟು ವರ್ಷಗಳ ಹಿಂದೆ, ಒಂದು ಮಳೆಗಾಲದ ಸಂಜೆ, ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನನ್ನು ಮಾತಿಗೆಳೆದರು. ಗೋದಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಎದುರಿನ ಮೈದಾನದ ಕೆಸರಿನಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು.

"ನೀವು ಯಾವ ಕಡೆಯವರು ಸಾಹೇಬರೇ?" ಎಂದರು ಹಿಂದಿಯಲ್ಲಿ.

"ಕರ್ನಾಟಕದವನು. ಧಾರವಾಡದ ಕಡೆ."

"ಹಾಗಾದರೆ ಬೆಂಗಳೂರು ಮುಸ್ಲಿಮ್ಸ್ ನಿಮ್ಮವರೇ ಅಲ್ಲವೇ?"

ಪ್ರಶ್ನೆ ನನ್ನನ್ನು ತುಸು ಗಲಿಬಿಲಿಗೊಳಿಸಿತು. ಜೋಗೇಶ್ವರಿಯಲ್ಲಿ ಇಂಥ ಪ್ರಶ್ನೆಗೆ ಉತ್ತರಿಸುವಾಗ ಮನುಷ್ಯ ಸ್ವಲ್ಪ ಎಚ್ಚರ ವಹಿಸುತ್ತಾನೆ. "ಹೌದು, ಬೆಂಗಳೂರಿನಲ್ಲಿ ಮುಸ್ಲಿಮರು ಬಹಳ ಜನ ಇದ್ದಾರೆ, ಎಲ್ಲರೂ ನಮ್ಮವರೇ" ಎಂದು ಸಭ್ಯ ಉತ್ತರವೊಂದನ್ನು ಕೊಟ್ಟೆ. ಅವರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ನಾನು ಜನರ ಮಾತು ಆಡುತ್ತಿಲ್ಲ ಸಾಹೇಬರೇ, ಟೀಮಿನ ಮಾತು. ರೋವರ್ಸ್ ಕಪ್ ಗೆದ್ದ ಟೀಮು. ನಮ್ಮ ಅಪ್ಪ ಸಾಯುವವರೆಗೂ ಅವರ ಹೆಸರು ಹೇಳುತ್ತಿದ್ದರು. 1948ರಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದರು."

ನಾನು ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಮೈಸೂರು ಸಂಸ್ಥಾನದ ಆಡಳಿತ ಸುಧಾರಣೆಗಳ ಮೇಲೆ ಪುಟಗಟ್ಟಲೆ ಉತ್ತರ ಬರೆದವನು. ಮುಂಬಯಿಗೆ ವರ್ಗವಾಗಿ ಬಂದ ಮೇಲೆ ಕನ್ನಡ ಸಂಘದ ವೇದಿಕೆಯಿಂದ ಕನ್ನಡ ನಾಡಿನ ಹಿರಿಮೆಯ ಬಗ್ಗೆ ಹತ್ತಾರು ಭಾಷಣ ಮಾಡಿದವನು. ಬೆಂಗಳೂರು ಮುಸ್ಲಿಮ್ಸ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಹೆಸರನ್ನು ನಾನು ಆ ಸಂಜೆಯವರೆಗೆ ಕೇಳಿರಲಿಲ್ಲ. ಕನ್ನಡ ನಾಡಿನ ಒಂದು ತಂಡ ಇದೇ ಮುಂಬಯಿಗೆ ಬಂದು ಸಾಧಿಸಿದ್ದನ್ನು ಕನ್ನಡ ಬಾರದ ಮುಂಬಯಿಗರೊಬ್ಬರಿಂದ ತಿಳಿಯಬೇಕಾಗಿ ಬಂತು. ಈ ಲೇಖನಕ್ಕೆ ಆ ನಾಚಿಕೆಯೇ ಮೂಲ.

ಅಂದಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಮೊದಲು ಓದುಗರ ಮುಂದಿಡುತ್ತೇನೆ.

ರೋವರ್ಸ್ ಕಪ್ ಮುಂಬಯಿಯಲ್ಲಿ ನಡೆಯುತ್ತಿದ್ದ ಫುಟ್‌ಬಾಲ್ ಪಂದ್ಯಾವಳಿ. ಸಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್, ಕಲ್ಕತ್ತೆಯ ಐ.ಎಫ್.ಎ. ಷೀಲ್ಡ್, ನಮ್ಮ ರೋವರ್ಸ್, ಈ ಮೂರನ್ನು ದೇಶದ ಹಳೆಯ ಹಾಗೂ ಪ್ರತಿಷ್ಠಿತ ಪಂದ್ಯಾವಳಿಗಳೆಂದು ಪರಿಗಣಿಸುವುದು ವಾಡಿಕೆ. 1891ರಲ್ಲಿ ವೂಸ್ಟರ್‌ಶೈರ್ ರೆಜಿಮೆಂಟಿನ ತಂಡ ರೋವರ್ಸ್ ಕಪ್ಪನ್ನು ಮೊದಲ ಬಾರಿಗೆ ಗೆದ್ದಿತು. ಆ ನಂತರವೂ ಹಲವು ದಶಕಗಳ ಕಾಲ ಅದು ಬ್ರಿಟಿಷ್ ಸೈನಿಕರ ಆಸ್ತಿಯಂತೆಯೇ ಉಳಿಯಿತು. ಬೂಟು ತೊಟ್ಟ, ಮೈಕಟ್ಟಿನ ಸೈನಿಕರು ಆಡುವುದು, ಊರಿನ ಜನ ಹಗ್ಗದಾಚೆ ನಿಂತು ನೋಡುವುದು, ಇದು ಅಂದಿನ ಕ್ರಮ. 1923ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಅಂತಿಮ ಪಂದ್ಯದವರೆಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಹೀಗೆ 46 ವರ್ಷ ಕಳೆದವು.

1937ರಲ್ಲಿ ಈ ಕಪ್ಪನ್ನು ಮೊದಲ ಬಾರಿಗೆ ಒಂದು ಭಾರತೀಯ ತಂಡ ಗೆದ್ದಿತು. ಆ ತಂಡ ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ, ಬೆಂಗಳೂರಿನದು. ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ಎದುರಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಎದುರಾಳಿ ಎಂಥವರೆಂಬುದನ್ನು ತಿಳಿದರೆ ಗೆಲುವಿನ ತೂಕ ತಿಳಿಯುತ್ತದೆ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು; 1936ರಲ್ಲಿ ಐ.ಎಫ್.ಎ. ಷೀಲ್ಡನ್ನೂ ಗೆದ್ದಿತ್ತು. ದೇಶದಲ್ಲಿ ಅದನ್ನು ಮೀರಿಸಿದ ಭಾರತೀಯ ತಂಡ ಅಂದು ಬೇರೊಂದಿರಲಿಲ್ಲ. ಆ ತಂಡವನ್ನು ಅದರ ಉಚ್ಛ್ರಾಯದ ಕಾಲದಲ್ಲೇ ಸೋಲಿಸಿ ಬೆಂಗಳೂರಿನವರು ಕಪ್ಪನ್ನು ಒಯ್ದರು. ಅದೊಂದು ಆಕಸ್ಮಿಕವಲ್ಲವೆಂಬಂತೆ 1938ರಲ್ಲಿ ಮತ್ತೊಮ್ಮೆ ಬಂದು ಮತ್ತೊಮ್ಮೆ ಗೆದ್ದರು. 1940ರಲ್ಲಿ ಪುನಃ ಅಂತಿಮ ಪಂದ್ಯಕ್ಕೆ ಬಂದರು. ಆ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ ತನ್ನ ಸೇಡು ತೀರಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿಗೆ ರೋವರ್ಸ್ ಕಪ್ ಗೆದ್ದಿತು. ಚಹಾ ಅಂಗಡಿಯ ಹಿರಿಯರು ಬಾಲಕನಾಗಿ ಕಂಡದ್ದು ಈ ಮೂರನೆಯ ಗೆಲುವನ್ನು.

ಆ 1948ನೆಯ ಇಸವಿ ಬೆಂಗಳೂರಿನ ಫುಟ್‌ಬಾಲಿಗೆ ಮತ್ತೊಂದು ಕಾರಣಕ್ಕೆ ಸ್ಮರಣೀಯ. ಸ್ವತಂತ್ರ ಭಾರತ ತನ್ನ ಮೊದಲ ಫುಟ್‌ಬಾಲ್ ತಂಡವನ್ನು ಲಂಡನ್ ಒಲಿಂಪಿಕ್ಸಿಗೆ ಕಳುಹಿಸಿತು. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವ್. ತಂಡದಲ್ಲಿ ಬೆಂಗಳೂರಿನ ಹಾಗೂ ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಅಹ್ಮದ್ ಖಾನ್, ಎಸ್. ರಾಮನ್, ಎಸ್. ಎ. ಬಶೀರ್, ಬಿ. ಎನ್. ವಜ್ರವೇಲು, ಗೋಲ್‌ಕೀಪರ್ ಕೆಂಚಪ್ಪ ವರದರಾಜ್ ಇದ್ದರು. ಇನ್ನೊಬ್ಬ ಗೋಲ್‌ಕೀಪರಿನ ಹೆಸರು ಸಂಜೀವ ಉಚ್ಚಿಲ್. ಉಚ್ಚಿಲ ಎಂಬುದು ಎಲ್ಲಿಯ ಹೆಸರೆಂದು ಕರಾವಳಿಯಿಂದ ಬಂದ ಮುಂಬಯಿ ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ.

ಜುಲೈ 31ರಂದು ಲಂಡನ್ನಿನ ಸಮೀಪದ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿದವು. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ ದ್ವಿತೀಯಾರ್ಧದಲ್ಲಿ ಗೋಲು ಹೊಡೆದು ಸಮ ಮಾಡಿದವರು ಎಸ್. ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಪಂದ್ಯದ ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ನೋಡಿದವರ ಮೆಚ್ಚುಗೆ ಗಳಿಸಿ ಬಂದ ತಂಡ ಅದು.

ಅಹ್ಮದ್ ಖಾನ್ ಅವರ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. 1926ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಬೆಂಗಳೂರು ಕ್ರೆಸೆಂಟ್, ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬುಗಳಲ್ಲಿ ಆಡಿ ಬೆಳೆದರು. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್ ಎಂಬ ದಕ್ಷಿಣದ ಐವರು ಮುಂಚೂಣಿಯ ಆಟಗಾರರಿಗೆ ಬಂಗಾಳಿಗಳು 'ಪಂಚಪಾಂಡವ'ರೆಂದು ಹೆಸರಿಟ್ಟರು. ಆ ಪಾಂಡವರಲ್ಲಿ ಇಬ್ಬರು ಮುಸ್ಲಿಮರೆಂಬುದು ಹೆಸರಿಟ್ಟವರಿಗೆ ತೊಡಕಾಗಲಿಲ್ಲ. ಬೆಂಗಳೂರಿನವರು ಗೆದ್ದ ಮರುವರ್ಷವೇ, 1949ರಲ್ಲಿ, ರೋವರ್ಸ್ ಕಪ್ ಈಸ್ಟ್ ಬೆಂಗಾಲ್ ಪಾಲಾಯಿತು. ಆಟಗಾರ ಹೋದ ದಾರಿಯಲ್ಲಿ ಕಪ್ಪೂ ಹೋಯಿತು ಎನ್ನೋಣವೇ? 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಎದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದು. 2017ರ ಆಗಸ್ಟ್‌ನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ನಾನು ಅವರ ಹೆಸರು ಕೇಳುವ ಹೊತ್ತಿಗೆ ಅವರನ್ನು ಕಾಣುವ ಅವಕಾಶ ಬಹುತೇಕ ಮುಗಿದಿತ್ತು.

ಇದು ಒಂದು ಕ್ಲಬ್ಬಿನ ಮಾತಷ್ಟೇ ಅಲ್ಲ. ಅಂತರರಾಜ್ಯ ಸಂತೋಷ್ ಟ್ರೋಫಿಯನ್ನು ಮೈಸೂರು 1946-47, 1952-53, 1967-68, 1968-69 ಹೀಗೆ ನಾಲ್ಕು ಬಾರಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಫುಟ್‌ಬಾಲಿನ ತವರೆನಿಸಿದ ಬಂಗಾಳ. ಅನಂತರ 54 ವರ್ಷ ಬರಗಾಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾಧ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮವರು ಟ್ರೋಫಿಯನ್ನು ಮತ್ತೆ ತಂದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಆ ಹೆಸರಿನಲ್ಲಿ ಗೆದ್ದ ಮೊದಲ ಸಂತೋಷ್ ಟ್ರೋಫಿ ಅದು. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಬಗ್ಗೆ ಒಂದು ಅಭಿನಂದನಾ ನಿರ್ಣಯವೂ ಆಗಲಿಲ್ಲ. ಆಗಬೇಕೆಂದು ಸೂಚಿಸಲು ನನಗೂ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಕಲ್ಕತ್ತೆಯತ್ತ ನೋಡೋಣ. 1911ರ ಜುಲೈ 29ರಂದು ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಿತು. ಆ ದಿನವನ್ನು ಅಲ್ಲಿ ಇಂದಿಗೂ ಹಬ್ಬದಂತೆ ಆಚರಿಸುತ್ತಾರೆ. ಆ ಹನ್ನೊಂದು ಆಟಗಾರರು ಬಂಗಾಳಿಗಳ ಪಾಲಿಗೆ 'ಅಮರ ಏಕಾದಶ'ರು. 1989ರಲ್ಲಿ ಮೋಹನ್ ಬಾಗಾನಿನ ಶತಮಾನೋತ್ಸವಕ್ಕೆ ಅಂಚೆ ಇಲಾಖೆ ಚೀಟಿ ತಂದಿತು. 1998ರಲ್ಲಿ ಅದರ ಆಟಗಾರ ಗೋಷ್ಠ ಪಾಲ್ ಅವರ ಹೆಸರಿನಲ್ಲಿ ಇನ್ನೊಂದು ಬಂತು. ಸರಕಾರಿ ನೌಕರನಾಗಿ ನನಗೆ ಗೊತ್ತು: ಇಂಥವು ತಾವಾಗಿ ಆಗುವುದಿಲ್ಲ. ಯಾರೋ ಮನವಿ ಬರೆಯುತ್ತಾರೆ, ಯಾರೋ ಕಡತದ ಬೆನ್ನು ಹತ್ತುತ್ತಾರೆ, ಅದರ ಹಿಂದೆ ಒಂದು ಜನಸಮುದಾಯದ ನೆನಪು ಒತ್ತಾಯವಾಗಿ ನಿಂತಿರುತ್ತದೆ. 1911ರಲ್ಲಿ ಕಲ್ಕತ್ತೆಯಲ್ಲಿ ಆದದ್ದೇ 1937ರಲ್ಲಿ ಮುಂಬಯಿಯಲ್ಲಿ ಆಯಿತು. 1911ರ ಹನ್ನೊಂದು ಹೆಸರುಗಳನ್ನು ಬಂಗಾಳಿ ಹುಡುಗ ಬಾಯಿಪಾಠ ಹೇಳುತ್ತಾನೆ. 1937ರ ಹನ್ನೊಂದು ಹೆಸರುಗಳನ್ನು ಒಂದೇ ಪುಟದಲ್ಲಿ ಕೊಟ್ಟ ಕನ್ನಡ ಪುಸ್ತಕ ಇಂದಿನವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಏಕೆ ಹೀಗಾಯಿತು? ಮೂರು ಕಾರಣಗಳು ನನಗೆ ತೋರುತ್ತವೆ.

ಮೊದಲನೆಯದು ಸ್ಥಳದ ಕಾರಣ. ಬೆಂಗಳೂರಿನ ಫುಟ್‌ಬಾಲ್ ಮುಖ್ಯವಾಗಿ ಬೆಳೆದದ್ದು ದಂಡು ಪ್ರದೇಶದಲ್ಲಿ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರು ದಂಡನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಅದು ಸಂಸ್ಥಾನದ ಆಡಳಿತಕ್ಕೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯಡಿ ಬಂದದ್ದು 1949ರಲ್ಲಿ. ಅಲ್ಲಿಯ ಬಡಾವಣೆಗಳ ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಮಾತಾಡುವ ಕಾರ್ಮಿಕರ, ಸಣ್ಣ ವ್ಯಾಪಾರಿಗಳ, ಪಡೆಗಳಿಗೆ ಸರಕು ಒದಗಿಸುವವರ ಮಕ್ಕಳು ಸೈನಿಕರ ಆಟವನ್ನು ನೋಡಿ ಕಲಿತರು, ಬರಿಗಾಲಿನಲ್ಲಿ ಅವರನ್ನು ಮೀರಿಸಿದರು. ಆಡಳಿತದ ಗಡಿ ಅಳಿಸಿತು, ಆದರೆ ಮನಸ್ಸಿನ ಗಡಿ ಉಳಿಯಿತು. ಕನ್ನಡದ ಬರಹಗಾರ ಬಸವನಗುಡಿ, ಮಲ್ಲೇಶ್ವರಗಳ ಬಗ್ಗೆ ಬರೆದಷ್ಟು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನುಗಳ ಬಗ್ಗೆ ಬರೆಯಲಿಲ್ಲ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆಯೆಂಬುದು, ಅಲ್ಲಿಯ ಮನೆಮನೆಯಲ್ಲಿ ಫುಟ್‌ಬಾಲಿನ ಮಾತಿದೆಯೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಎರಡನೆಯದು ಜೀವನೋಪಾಯದ ಕಾರಣ. ಒಳ್ಳೆಯ ಆಟಗಾರ ಕಲ್ಕತ್ತೆಗೆ ಹೋದ. ಅಲ್ಲಿ ಹಣವೂ ಇತ್ತು, ಹೆಸರೂ ಇತ್ತು. ಉಳಿದವರಿಗೆ 1940ರಲ್ಲಿ ಆರಂಭವಾದ ಎಚ್.ಎ.ಎಲ್., 1948ರಲ್ಲಿ ಆರಂಭವಾದ ಐ.ಟಿ.ಐ. ಮುಂತಾದ ಕಾರ್ಖಾನೆಗಳು ಅನ್ನ ಕೊಟ್ಟವು. ಅದು ದೊಡ್ಡ ಉಪಕಾರ. ಆದರೆ ಕಂಪನಿಯ ತಂಡದ ನೆನಪು ಕಂಪನಿಯ ಲಾಭನಷ್ಟಕ್ಕೆ ಕಟ್ಟುಬಿದ್ದದ್ದು. ಮುಂಬಯಿಯಲ್ಲೇ ನೋಡಿ: 1958ರಲ್ಲಿ ರೋವರ್ಸ್ ಕಪ್ ಗೆದ್ದ ಕಾಲ್ಟೆಕ್ಸ್ ತಂಡ ಇಂದಿಲ್ಲ, ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ರೋವರ್ಸ್ ಕಪ್ ಪಂದ್ಯಾವಳಿಯೇ 2000-01ರ ನಂತರ ನಿಂತುಹೋಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ದೇಶದ ಲೀಗುಗಳನ್ನು ಗೆದ್ದಿದೆ. ನಮ್ಮ ಮಕ್ಕಳಿಗೆ ಅದರ ಹೆಸರು ಗೊತ್ತು, ಸಂತೋಷ. ಆದರೆ ಬೆಂಗಳೂರಿನ ಫುಟ್‌ಬಾಲ್ ಆರಂಭವಾದದ್ದೇ 2013ರಲ್ಲಿ ಎಂದು ಅವರು ತಿಳಿದರೆ ತಪ್ಪು ಅವರದಲ್ಲ.

ಮೂರನೆಯದು ಹೆಸರಿನ ಕಾರಣ, ಎಲ್ಲಕ್ಕಿಂತ ಸೂಕ್ಷ್ಮವಾದುದು. 'ಬೆಂಗಳೂರು ಮುಸ್ಲಿಮ್ಸ್' ಎಂದೊಡನೆ ಇಂದಿನ ಕಿವಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ನನಗೂ ಹಾಗೆಯೇ ಕೇಳಿಸಿತ್ತು. ಆದರೆ ಆ ಕಾಲದ ಆಟದ ಲೋಕ ಕೋಮುಗಳ ಹೆಸರಿನಲ್ಲೇ ವಿಂಗಡವಾಗಿತ್ತು. ಇದೇ ಮುಂಬಯಿಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿತ್ತು. 1937ರಲ್ಲಿಯೇ 'ಇತರರು' ಎಂಬ ಐದನೆಯ ತಂಡ ಸೇರಿ ಅದು ಪೆಂಟ್ಯಾಂಗ್ಯುಲರ್ ಆಯಿತು. ಗಾಂಧೀಜಿಯವರು 1940ರಲ್ಲಿ ಅದನ್ನು ಆಕ್ಷೇಪಿಸಿದರು. 1946ರ ನಂತರ ಅದು ನಿಂತಿತು. ಆ ಆಕ್ಷೇಪ ಸರಿಯಾದದ್ದೇ. ಆದರೂ ಹಿಂದೂ ತಂಡದಲ್ಲಿ ಆಡಿದ ವಿಜಯ್ ಮರ್ಚೆಂಟರನ್ನು ಮುಂಬಯಿ ತನ್ನವರಲ್ಲವೆನ್ನಲಿಲ್ಲ. ಮರೀನ್ ಡ್ರೈವಿನ ಉದ್ದಕ್ಕೂ ಹಿಂದೂ, ಇಸ್ಲಾಂ, ಪಾರ್ಸಿ ಜಿಮ್‌ಖಾನಾಗಳು ಇಂದಿಗೂ ಅಕ್ಕಪಕ್ಕ ನಿಂತಿವೆ. ನಮ್ಮವೇ ಸಂಸ್ಥೆಗಳನ್ನು ನೋಡೋಣ. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿ, ಇವುಗಳ ಹೆಸರಿನಲ್ಲಿ ಜಾತಿಯಿದೆ. ಆದರೂ ಮುಂಬಯಿ ಕನ್ನಡದ ಇತಿಹಾಸವನ್ನು ಇವುಗಳ ರಾತ್ರಿ ಶಾಲೆ, ಪತ್ರಿಕೆ, ರಂಗಭೂಮಿಗಳನ್ನು ಬಿಟ್ಟು ಬರೆಯಲು ಸಾಧ್ಯವೇ? ಹೆಸರಿನಿಂದಾಗಿ ಇವು ಕನ್ನಡದಿಂದ ಹೊರಗಾಗದಿದ್ದರೆ ಬೆಂಗಳೂರು ಮುಸ್ಲಿಮ್ಸ್ ಏಕೆ ಹೊರಗಾಗಬೇಕು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಳೆದ ರಾಜ್ಯೋತ್ಸವದ ಸಿದ್ಧತೆಯ ಸಭೆಯಲ್ಲಿ ನಾನು ಈ ಹೆಸರುಗಳನ್ನು ಸೂಚಿಸಿದಾಗ ಸಂಘದ ಹಿರಿಯ ಸದಸ್ಯರೊಬ್ಬರು ಅದನ್ನು ನೇರವಾಗಿಯೇ ಎತ್ತಿದರು. "ಅವರು ಬೆಂಗಳೂರಿನವರು ನಿಜ, ಆದರೆ ಮನೆಯಲ್ಲಿ ಕನ್ನಡ ಆಡಿದವರಲ್ಲವಲ್ಲ. ನಮ್ಮದು ಕನ್ನಡ ಸಂಘ." ಅವರು ದ್ವೇಷದಿಂದ ಹೇಳಿದ ಮಾತಲ್ಲ. ಭಾಷೆಗಾಗಿ ಜೀವಮಾನವಿಡೀ ದುಡಿದವರು. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಅಳತೆಗೋಲನ್ನು ಒಪ್ಪಲಾರೆ.

ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಅವರು ಕನ್ನಡದಲ್ಲಿ ಬರೆದರು, ಆದ್ದರಿಂದ ಕನ್ನಡಿಗರು ಎನ್ನಬಹುದು. ಸರಿ. ಆದರೆ ನಮ್ಮ ಸಂಘದ ಫಲಕದಲ್ಲಿ ಕ್ರೀಡಾಪಟುಗಳ ಸಾಲಿನಲ್ಲಿ ಸೈಯದ್ ಕಿರ್ಮಾನಿ, ರೋಜರ್ ಬಿನ್ನಿ ಇದ್ದಾರೆ. ಅವರ ಮನೆಮಾತು ಯಾವುದೆಂದು ನಾವು ಎಂದೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಸರಿ. 1974ರಲ್ಲಿ ಮುಂಬಯಿಯ 15 ವರ್ಷಗಳ ಸತತ ರಣಜಿ ಪ್ರಭುತ್ವವನ್ನು ಕರ್ನಾಟಕ ಮುರಿದ ಕಥೆಯನ್ನು ಇಲ್ಲಿಯ ಪ್ರತಿಯೊಬ್ಬ ಕನ್ನಡಿಗನೂ ಮರಾಠಿ ಗೆಳೆಯರ ಮುಂದೆ ಹೇಳಿ ಸುಖಪಟ್ಟಿದ್ದಾನೆ. ಅದಕ್ಕೂ 37 ವರ್ಷ ಮೊದಲು ಮುಂಬಯಿಗೇ ಬಂದು, ಬ್ರಿಟಿಷ್ ರೆಜಿಮೆಂಟುಗಳ ಆಸ್ತಿಯಾಗಿದ್ದ ಕಪ್ಪನ್ನು ಒಯ್ದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಹಾಗಾದರೆ ಮನೆಮಾತಿನ ಪ್ರಶ್ನೆ ನೆಪ ಮಾತ್ರವೇ ಎಂಬ ಸಂದೇಹ ಬರುತ್ತದೆ. ನಿಜ ಸಂಗತಿ ಇದು: ಲೋಕ ಈಗಾಗಲೇ ಚಪ್ಪಾಳೆ ತಟ್ಟಿದವರನ್ನು ನಾವು ನಮ್ಮವರೆನ್ನುತ್ತೇವೆ. ದೂರದರ್ಶನ ತೋರಿಸಿದವರು, ದೆಹಲಿ ಪ್ರಶಸ್ತಿ ಕೊಟ್ಟವರು ತಕ್ಷಣ ಕನ್ನಡಿಗರಾಗುತ್ತಾರೆ. ಚಪ್ಪಾಳೆ ನಿಂತುಹೋದವರ ಬಗ್ಗೆ ಮಾತ್ರ ನಮಗೆ ವಂಶಾವಳಿ ನೋಡುವ ಬುದ್ಧಿ ಬರುತ್ತದೆ.

ಹೊರನಾಡಿನಲ್ಲಿರುವ ನಮಗಂತೂ ಈ ಅಳತೆಗೋಲು ಒಪ್ಪುವಂಥದಲ್ಲ. ನಮ್ಮ ಸಭೆಯಲ್ಲಿ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಯಲ್ಲಿ ತುಳು ಆಡುವವರು. ಕೊಂಕಣಿ, ಬ್ಯಾರಿ ಆಡುವವರೂ ಇದ್ದಾರೆ. ಮನೆಮಾತಿನ ಪರೀಕ್ಷೆ ಇಟ್ಟರೆ ಸಂಘದ ಕಾರ್ಯಕಾರಿ ಸಮಿತಿಗೇ ಕೋರಂ ಸಿಗಲಾರದು. 1960ರ ದಶಕದ ಕೊನೆಯಲ್ಲಿ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿಯೆದ್ದು ಉಡುಪಿ ಹೋಟೆಲುಗಳ ಗಾಜು ಒಡೆದಾಗ ನಮ್ಮ ಹಿರಿಯರು ಏನು ವಾದಿಸಿದರು? ನಾವು ಮನೆಯಲ್ಲಿ ಯಾವ ಭಾಷೆ ಆಡಿದರೇನು, ಈ ಊರಿಗೆ ಬೆವರು ಸುರಿಸಿದ್ದೇವೆ, ಈ ಊರಿನವರೇ ಎಂದು ವಾದಿಸಿದರು. ಆ ವಾದದ ಬಲದ ಮೇಲೆ ನಾವು ಇಲ್ಲಿ ನೆಲೆ ನಿಂತಿದ್ದೇವೆ. ಮುಂಬಯಿಯಲ್ಲಿ ನಮಗೆ ಬೇಕೆಂದು ಕೇಳುವ ನ್ಯಾಯವನ್ನು ಬೆಂಗಳೂರಿನ ಅಹ್ಮದ್ ಖಾನರಿಗೆ, ವಜ್ರವೇಲುವಿಗೆ ನಿರಾಕರಿಸುವುದು ಹೇಗೆ?

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರು ಹೊತ್ತಿ ಉರಿಯಿತು, ಜೀವಗಳು ಹೋದವು. ನಾನು ಅದೇ ವರ್ಷ ಮುಂಬಯಿಗೆ ಬಂದವನು. ಇಲ್ಲಿ ಜೋಗೇಶ್ವರಿ 1993ರ ಜನವರಿಯ ಗಾಯಗಳನ್ನು ಇನ್ನೂ ನೆಕ್ಕಿಕೊಳ್ಳುತ್ತಿತ್ತು. ಒಂದು ಗಲ್ಲಿಯವರು ಇನ್ನೊಂದು ಗಲ್ಲಿಗೆ ಕಾಲಿಡುತ್ತಿರಲಿಲ್ಲ. ಮನೆ ನೋಡಲು ಹೋದಾಗ ಬಾಡಿಗೆಗಿಂತ ಮೊದಲು ಹೇಳುತ್ತಿದ್ದದ್ದು 'ಇದು ಯಾರ ಕಡೆ' ಎಂಬುದನ್ನು. ಊರು ಹೀಗೆ ಹೋಳಾಗುವ ಮೊದಲು ನೆನಪು ಹೋಳಾಗಿರುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ. ಬೆಂಗಳೂರಿನ ಉರ್ದು ಮಾತಾಡುವ ಹುಡುಗರು ಒಮ್ಮೆ ಬೆಂಗಳೂರಿನ ಹೆಸರು ಹೊತ್ತು ಮುಂಬಯಿಗೆ ಬಂದು ಗೆದ್ದಿದ್ದರು ಎಂಬುದು ನಮ್ಮ ಮಕ್ಕಳ ಪಾಠದಲ್ಲಿದ್ದಿದ್ದರೆ 1994 ಆಗುತ್ತಲೇ ಇರಲಿಲ್ಲ ಎಂದು ಹೇಳುವಷ್ಟು ಭೋಳೆ ನಾನಲ್ಲ. ಆದರೆ 'ಅವರು' ಎಂದು ಬೆರಳು ತೋರಿಸುವಾಗ ಕೆಲವರ ಬೆರಳಾದರೂ ಒಂದು ಗಳಿಗೆ ತಡೆಯುತ್ತಿತ್ತು.

ದೂರುವುದಷ್ಟೇ ಲೇಖನದ ಉದ್ದೇಶವಾಗಬಾರದು. ನಮ್ಮ ಸಂಘದಿಂದ ಆಗಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಒಂದು, 1937, 1938, 1948ರ ತಂಡಗಳ ಆಟಗಾರರ ಪೂರ್ಣ ಪಟ್ಟಿಯನ್ನೂ ಪಂದ್ಯಗಳ ವರದಿಯನ್ನೂ ಕನ್ನಡದಲ್ಲಿ ಪ್ರಕಟಿಸುವುದು. ಪಂದ್ಯ ನಡೆದದ್ದು ಈ ಊರಿನಲ್ಲಿ. ವರದಿ ಮಾಡಿದ ಪತ್ರಿಕೆಗಳೂ ಈ ಊರಿನವು. ಹಳೆಯ ಸಂಚಿಕೆಗಳನ್ನು ಕಾಪಾಡಿಟ್ಟ ಗ್ರಂಥಾಲಯಗಳು ಲೋಕಲ್ ರೈಲಿನ ದೂರದಲ್ಲಿವೆ. ಬೆಂಗಳೂರಿನವರು ಮಾಡಲಾಗದ ಈ ಕೆಲಸವನ್ನು ಮುಂಬಯಿ ಕನ್ನಡಿಗರು ಮಾಡಬಹುದು. ನಿವೃತ್ತರಾದ ಇಬ್ಬರು ಸದಸ್ಯರು ವಾರಕ್ಕೊಂದು ದಿನ ಕೊಟ್ಟರೆ ಸಾಕು. ನನ್ನ ನಿವೃತ್ತಿಗೆ ಇನ್ನೂ ಕೆಲವು ವರ್ಷವಿದ್ದರೂ ರಜೆಯ ದಿನಗಳನ್ನು ಕೊಡಲು ನಾನು ಸಿದ್ಧ.

ಎರಡು, ಉಪನಗರಗಳ ಕನ್ನಡ ಶಾಲೆಗಳ ಮಕ್ಕಳಿಗಾಗಿ ವರ್ಷಕ್ಕೊಮ್ಮೆ ಫುಟ್‌ಬಾಲ್ ಪಂದ್ಯಾವಳಿ. ನಾವು ಭಾವಗೀತೆ, ಭಾಷಣ, ರಂಗೋಲಿ ಸ್ಪರ್ಧೆಗಳನ್ನು ತಪ್ಪದೆ ನಡೆಸುತ್ತೇವೆ. ಆದರೆ ಸಂಘದ ಅಂಗಳಕ್ಕೆ ಬಾರದ ಹುಡುಗ ಮೈದಾನಕ್ಕೆ ಬರುತ್ತಾನೆ. ಒಂದು ಚೆಂಡು, ಎರಡು ಗೋಲುಕಂಬ, ಗೆದ್ದವರಿಗೆ ಅಹ್ಮದ್ ಖಾನ್, ಸಂಜೀವ ಉಚ್ಚಿಲ್ ಅವರ ಹೆಸರಿನ ಕಪ್ಪು. ಖರ್ಚು ನಮ್ಮ ವಾರ್ಷಿಕೋತ್ಸವದ ಹಾರತುರಾಯಿಗಿಂತ ಹೆಚ್ಚಾಗಲಾರದು.

ಮೂರು, ರಾಜ್ಯೋತ್ಸವದ ಫಲಕ. ಅದರ ಕ್ರೀಡಾ ಸಾಲಿನಲ್ಲಿ 'ಬೆಂಗಳೂರು ಮುಸ್ಲಿಮ್ಸ್, ರೋವರ್ಸ್ ಕಪ್, ಮುಂಬಯಿ, 1937' ಎಂಬ ಒಂದು ಗೆರೆ. ಆ ಹೆಸರನ್ನು ತಿದ್ದದೆ, ಮೆದುಗೊಳಿಸದೆ, ಇದ್ದ ಹಾಗೆಯೇ ಬರೆಯಬೇಕು.

ಚಹಾ ಅಂಗಡಿಯ ಹಿರಿಯರು ಈಗ ಬೆಂಚಿಗೆ ಬರುವುದಿಲ್ಲ. ಮಗನ ಜೊತೆ ಮುಂಬ್ರಾಕ್ಕೆ ಮನೆ ಬದಲಿಸಿದರೆಂದು ಅಂಗಡಿಯವನು ಹೇಳಿದ. ಕೊನೆಯ ಬಾರಿ ಸಿಕ್ಕಾಗ ಅವರು ಕೇಳಿದ್ದರು, "ನಿಮ್ಮ ಊರಿನಲ್ಲಿ ಅವರ ಫೋಟೋ ಎಲ್ಲಿ ಹಾಕಿದ್ದಾರೆ ಸಾಹೇಬರೇ?" ನಾನು ಮಾತು ಬದಲಿಸಿದ್ದೆ. ಬರುವ ನವೆಂಬರಿನಲ್ಲಿ ಸಮಿತಿ ಒಪ್ಪಿದರೆ ಫಲಕದ ಮುಂದೆ ನಿಂತು ಅವರಿಗೆ ಉತ್ತರಿಸುವ ಆಸೆಯಿದೆ. ಸಮಿತಿ ಒಪ್ಪದಿದ್ದರೆ ಆ ಒಂದು ಗೆರೆಯನ್ನು ಬೇರೆ ಹಲಗೆಯ ಮೇಲೆ ಬರೆಸಿ ಸಭಾಗೃಹದ ಬಾಗಿಲಲ್ಲಿ ನಾನೇ ಹಿಡಿದು ನಿಲ್ಲುತ್ತೇನೆ. ಒಳಗೆ ಹೋಗುವ ಕನ್ನಡ ಬಂಧುಗಳು ಓದಿಕೊಂಡೇ ಹೋಗಲಿ.